ಎಂಜಿಬಿಗೆ ರೋವರ್ ವಿ8 ಎಂಜಿನ್: ಸಸ್ಪೆನ್ಷನ್‌ನಿಂದ ಶುರು ಮಾಡಿ ಕೂರಿಸುವ ಪೂರ್ತಿ ವಿಧಾನ

ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿಗೆ ರೋವರ್‌ನ ವಿ8 ಎಂಜಿನ್ ಕೂರಿಸುವವರಲ್ಲಿ ಹೆಚ್ಚಿನವರು ಮೊದಲು ಎಂಜಿನ್ ಕೊಂಡು ತರುತ್ತಾರೆ. ನನ್ನ ಸಲಹೆ ಇದಕ್ಕೆ ಉಲ್ಟಾ. ಮೊದಲು ಬಾಡಿ ನೋಡಿ, ಆಮೇಲೆ ಸಸ್ಪೆನ್ಷನ್, ಬ್ರೇಕ್, ಹಿಂದಿನ ಆಕ್ಸಲ್. ಎಂಜಿನ್ ಕೊನೆಗೆ ಬರಲಿ. ಜಾಸ್ತಿ ಬಲ ತಾಳುವ ಹಾಗೆ ಕಾರು ಮೊದಲೇ ತಯಾರಾಗಿರಬೇಕು, ಅಲ್ವಾ? ಈ ಕ್ರಮಕ್ಕೆ ಇನ್ನೊಂದು ಕಾರಣವೂ ಇದೆ, ಮುಂದಿನ ಸ್ಪ್ರಿಂಗ್ ಬಿಚ್ಚುವ ಜಾಗದಲ್ಲಿ ಅದನ್ನು ಹೇಳುತ್ತೇನೆ.

ಎಂಜಿಬಿ ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾಯಿತು. ಅದರ ಮೂಲ ಎಂಜಿನ್ 1798 ಸಿಸಿಯ ನಾಲ್ಕು ಸಿಲಿಂಡರಿನದು, ಪೂರ್ತಿ ಎರಕದ ಕಬ್ಬಿಣ. ಸುಮಾರು 95 ಅಶ್ವಶಕ್ತಿ, 149 ನ್ಯೂಟನ್ ಮೀಟರ್ ಟಾರ್ಕ್. ರೋವರ್ ವಿ8 ಹುಟ್ಟಿದ್ದು ಅಮೆರಿಕದ ಬ್ಯೂಕ್ ಕಂಪನಿಯಲ್ಲಿ, 1961ರ ಮಾಡೆಲ್‌ಗಳಿಗಾಗಿ. ಬ್ಯೂಕ್ ಅದನ್ನು ಕೈಬಿಟ್ಟ ಮೇಲೆ ರೋವರ್ ಹಕ್ಕು ಕೊಂಡುಕೊಂಡಿತು. ಬ್ಲಾಕ್, ಹೆಡ್ ಎರಡೂ ಅಲ್ಯೂಮಿನಿಯಂ. ಹಾಗಾಗಿ 3528 ಸಿಸಿ, ಎಂಟು ಸಿಲಿಂಡರ್ ಇದ್ದರೂ ಹಳೆಯ ಕಬ್ಬಿಣದ ಎಂಜಿನ್ನಿಗೆ ಹತ್ತಿರದ ತೂಕವೇ. ಕಾರಿನ ಮೂಗು ಭಾರವಾಗುವುದಿಲ್ಲ. ಈ ಜೋಡಿ ಇಷ್ಟು ಚೆನ್ನಾಗಿ ಹೊಂದುವುದು ಇದರಿಂದಲೇ.

ಕೆನ್ ಕಾಸ್ಟೆಲೊ ಎಂಬುವರು 1970ರ ದಶಕದ ಶುರುವಿನಲ್ಲೇ ಹೀಗೆ ಬದಲಾಯಿಸಿದ ಕಾರುಗಳನ್ನು ಮಾರುತ್ತಿದ್ದರು. ಎಂಜಿಬಿಯ ಕಂಪನಿ ತಾನೇ 1973ರಿಂದ 1976ರವರೆಗೆ ಎಂಜಿಬಿ ಜಿಟಿ ವಿ8 ತಯಾರಿಸಿತು, ಒಟ್ಟು 2,591 ಕಾರು. ಅದರಲ್ಲಿ 137 ಅಶ್ವಶಕ್ತಿ, 262 ನ್ಯೂಟನ್ ಮೀಟರ್. ಟಾರ್ಕ್ ಎಷ್ಟು ಏರಿದೆ ನೋಡಿ. ಬಿಡಿಭಾಗಗಳು ಬೇಕಾದಷ್ಟು ಸಿಗುತ್ತವೆ, ಎಲ್ಲಿ ಏನು ತಗಲುತ್ತದೆ ಎಂಬುದೂ ಎಲ್ಲರಿಗೂ ಗೊತ್ತಾಗಿದೆ. ಮೊದಲ ಬಾರಿಗೆ ಎಂಜಿನ್ ಬದಲಿಸುವವರಿಗೆ ಇದಕ್ಕಿಂತ ಒಳ್ಳೆಯ ಕಾರು ನನಗೆ ಕಾಣುವುದಿಲ್ಲ.

ಯಾವ ಕಾರು, ಎಂಥ ಬಾಡಿ

1974ರ ಕೊನೆಯ ಹೊತ್ತಿಗೆ ಎಂಜಿಬಿಗೆ ಕಪ್ಪು ರಬ್ಬರ್ ಬಂಪರ್ ಬಂತು. ನೋಡಲು ಕ್ರೋಮ್ ಬಂಪರಿನ ಹಳೆಯ ಕಾರೇ ಚೆಂದ. ಆದರೆ ಈ ಕೆಲಸಕ್ಕೆ ರಬ್ಬರ್ ಬಂಪರ್ ಕಾರು ವಾಸಿ. ವಿ8 ಮಾಡೆಲ್‌ಗೆಂದು ಎಂಜಿನ್ ಜಾಗದ ತಗಡನ್ನು ಮಾರ್ಪಡಿಸಿದ್ದ ಕಂಪನಿ, ಆಮೇಲೆ ಎಲ್ಲ ಕಾರಿಗೂ ಅದನ್ನೇ ಬಳಸಿತು. 1976ರ ನಂತರದ ಕಾರುಗಳಲ್ಲಿ ರೇಡಿಯೇಟರ್ ಕೂಡ ಮುಂದಕ್ಕೆ ಸರಿದಿದೆ. ಕ್ರೋಮ್ ಬಂಪರ್ ಕಾರಿನಲ್ಲೂ ಕೂರಿಸಬಹುದು, ಆದರೆ ಒಳಗಿನ ತಗಡು, ಎಂಜಿನ್ ಮೌಂಟ್, ಸ್ಟೀರಿಂಗ್ ಶಾಫ್ಟ್ ಹೋಗುವ ದಾರಿ ಎಲ್ಲವನ್ನೂ ತಿದ್ದಬೇಕಾಗುತ್ತದೆ.

ಎಂಜಿಬಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಬಾಗಿಲ ಕೆಳಗಿನ ಸಿಲ್‌ಗಳೇ ಅದರ ಬೆನ್ನೆಲುಬು, ಅದರಲ್ಲೂ ಮೇಲ್ಛಾವಣಿ ಇಲ್ಲದ ರೋಡ್‌ಸ್ಟರ್‌ನಲ್ಲಿ. ಹೊರಗೆ ಹೊಳೆಯುವ ತಗಡು ಕಂಡು ನಂಬಬೇಡಿ. ಕಾರ್ಪೆಟ್ ಎತ್ತಿ ಒಳಸಿಲ್ ನೋಡಿ. ಹಳೆಯ ಸಿಲ್ ಮೇಲೆ ಹೊಸ ತಗಡು ಮುಚ್ಚಿ ಬೆಸುಗೆ ಹಾಕಿದ ಕಾರುಗಳು ಬಹಳ ಇವೆ. ಪರೀಕ್ಷೆ ಸುಲಭ: ಕಾರನ್ನು ಜಾಕ್ ಮೇಲೆ ಎತ್ತುವಾಗ ಬಾಗಿಲ ಸಂದನ್ನು ಗಮನಿಸಿ. ಸಂದು ಕಿರಿದಾದರೆ, ಬಾಗಿಲು ಬಿಗಿಯಾದರೆ ಬಾಡಿ ಬಾಗುತ್ತಿದೆ ಎಂದರ್ಥ. ಅಂಥ ಕಾರಿನಲ್ಲಿ ಮೊದಲು ವೆಲ್ಡಿಂಗ್ ಕೆಲಸ ಮುಗಿಯಬೇಕು. ಸಿಲ್ ಕತ್ತರಿಸುವಾಗ ಬಾಗಿಲು ಕಳಚಬೇಡಿ. ಬಾಡಿಗೆ ಸರಿಯಾದ ಆಸರೆ ಕೊಟ್ಟು, ಬಾಗಿಲ ಸಂದು ನೋಡಿಕೊಂಡೇ ಕತ್ತರಿಸಿ, ಒಂದು ಪಕ್ಕ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಿ. ಸಿಲ್ ಗಟ್ಟಿ ಇಲ್ಲದ ಕಾರಿಗೆ ವಿ8 ಹಾಕಲೇಬಾರದು.

ಮುಂದಿನ ಸಸ್ಪೆನ್ಷನ್

ಮುಂದೆ ಕಾಯಿಲ್ ಸ್ಪ್ರಿಂಗ್, ಕೆಳಗೆ ವಿಶ್‌ಬೋನ್ ಎಂಬ ಕವಲು ತೋಳು. ಮೇಲಿನ ತೋಳು ಮಾತ್ರ ವಿಶೇಷ: ಶಾಕ್ ಅಬ್ಸಾರ್ಬರಿನ ತೋಳೇ ಮೇಲಿನ ವಿಶ್‌ಬೋನ್ ಕೆಲಸವನ್ನೂ ಮಾಡುತ್ತದೆ. ಲಿವರ್ ಆರ್ಮ್ ಡ್ಯಾಂಪರ್ ಎನ್ನುವುದು ಇದನ್ನೇ. ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಎಡಕ್ಕೆ, ಬಲಕ್ಕೆ ತಿರುಗುವುದು ಕಿಂಗ್‌ಪಿನ್ ಎಂಬ ನೇರ ಕಂಬಿಯ ಮೇಲೆ.

ಬಿಚ್ಚುವ ಮೊದಲು ಕಿಂಗ್‌ಪಿನ್ ಪರೀಕ್ಷಿಸಿ. ಚಕ್ರ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಾಡಿಸಿ. ಅಲುಗಾಟ ಇದ್ದರೆ ಯಾರಿಗಾದರೂ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಆಗ ಅಲುಗಾಟ ನಿಂತರೆ ದೋಷ ವೀಲ್ ಬೇರಿಂಗಿನದು. ನಿಲ್ಲದಿದ್ದರೆ ಕಿಂಗ್‌ಪಿನ್ ಅಥವಾ ಅದರ ಬುಷ್ ಸವೆದಿದೆ. ಸವೆದಿದ್ದರೆ ರಿಪೇರಿ ಮಾಡಿದ ಪೂರ್ತಿ ಜೋಡಿಯನ್ನೇ ತನ್ನಿ. ಹೊಸ ಬುಷ್‌ಗೆ ರೀಮರ್ (ರಂಧ್ರ ನಯವಾಗಿ ಕೊರೆಯುವ ಉಪಕರಣ) ಹಿಡಿದು ಅಳತೆ ಕೂರಿಸುವುದು ನುರಿತ ಕೈಯ ಕೆಲಸ.

ಸ್ಪ್ರಿಂಗ್ ಬಿಚ್ಚುವಾಗ ಎಚ್ಚರ ಬೇಕು. ಒತ್ತಿ ಕೂತ ಸ್ಪ್ರಿಂಗ್ ಹಾರಿದರೆ ಜೀವಕ್ಕೇ ಅಪಾಯ. ಬಾಡಿಗೇ ಬೆಸೆದಿರುವ ಉದ್ದನೆಯ ಚಾಸಿ ರೈಲ್‌ಗಳ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಡಿ. ಸ್ಪ್ರಿಂಗ್ ಕೂರುವ ತಟ್ಟೆಯಾದ ಸ್ಪ್ರಿಂಗ್ ಪ್ಯಾನ್ ಕೆಳಗೆ ಟ್ರಾಲಿ ಜಾಕ್ ಕೊಟ್ಟು ಭಾರ ಅದರ ಮೇಲೆ ಬರುವಷ್ಟು ಎತ್ತಿ. ಕೀಲಿನ ಬೋಲ್ಟ್ ತೆಗೆದ ಮೇಲೆ ಜಾಕನ್ನು ನಿಧಾನವಾಗಿ ಇಳಿಸಿದರೆ ಸ್ಪ್ರಿಂಗ್ ಸಡಿಲವಾಗುತ್ತದೆ. ಕ್ರಮದ ಬಗ್ಗೆ ಆಗ ಹೇಳಿದ ಇನ್ನೊಂದು ಕಾರಣ ಇಲ್ಲಿದೆ. ಎಂಜಿನ್ ಒಳಗಿದ್ದರೆ ಅದರ ಭಾರ ಕಾರನ್ನು ಕೆಳಗೆ ಒತ್ತಿ ಹಿಡಿಯುತ್ತದೆ. ಎಂಜಿನ್ ತೆಗೆದ ಖಾಲಿ ಮೂಗಿನ ಕಾರಿನಲ್ಲಿ ಜಾಕ್ ಎತ್ತಿದರೆ ಸ್ಪ್ರಿಂಗ್ ಒತ್ತಿಕೊಳ್ಳುವ ಬದಲು ಕಾರೇ ಸ್ಟ್ಯಾಂಡಿನಿಂದ ಏಳುತ್ತದೆ. ಆಗ ಪ್ಯಾನಿನ ಬೋಲ್ಟ್ ಜಾಗಕ್ಕೆ ಉದ್ದನೆಯ ಥ್ರೆಡ್ ರಾಡ್ ಹಾಕಿ ಸ್ವಲ್ಪ ಸ್ವಲ್ಪವೇ ಬಿಚ್ಚುವುದೊಂದೇ ದಾರಿ.

ಇನ್ನು ಏನು ಬದಲಿಸಬೇಕು? ಕೆಳಗಿನ ವಿಶ್‌ಬೋನ್‌ನ ಒಳತುದಿಯ ಬುಷ್‌ಗಳಿಂದ ಶುರು ಮಾಡಿ. ಸಾಮಾನ್ಯ ಎಂಜಿಬಿಯಲ್ಲಿ ಇವು ಬರೀ ರಬ್ಬರ್. ಕಂಪನಿಯ ವಿ8 ಕಾರಿನಲ್ಲಿ ಲೋಹದ ಕೊಳವೆಗೆ ಅಂಟಿಸಿದ ರಬ್ಬರ್ ಬುಷ್ ಇತ್ತು, ಅಂಗಡಿಯಲ್ಲಿ ಇವತ್ತಿಗೂ ‘ವಿ8 ಬುಷ್’ ಎಂದು ಕೇಳಿದರೆ ಸಿಗುತ್ತದೆ. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ವ್ಯತ್ಯಾಸ ತೋರಿಸುವ ಭಾಗ ಈ ಕಾರಿನಲ್ಲಿ ಬೇರೆ ಇಲ್ಲ. ಸ್ಟೀರಿಂಗ್ ತಕ್ಷಣ ಚುರುಕಾಗುತ್ತದೆ. ಪಾಲಿಯುರೆಥೇನ್ ಬುಷ್ ಇನ್ನೂ ಬಿಗಿ, ಆದರೆ ರಸ್ತೆಯ ಪ್ರತಿ ಕುಲುಕಾಟವನ್ನೂ ಕೈಗೆ ಕಳಿಸುತ್ತದೆ. ದಿನಬಳಕೆಗೆ ವಿ8 ಬುಷ್ಷೇ ಸಾಕು.

ಒಂದು ಮಾತು ನೆನಪಿಡಿ. ರಬ್ಬರ್ ಬುಷ್‌ನ ನಟ್ಟುಗಳನ್ನು ಕಾರು ಮೇಲೆ ತೂಗಾಡುತ್ತಿರುವಾಗ ಪೂರ್ತಿ ಬಿಗಿಯಬೇಡಿ. ಚಕ್ರ ಹಾಕಿ, ಕಾರು ಇಳಿಸಿ, ನಾಲ್ಕಾರು ಸಲ ಒತ್ತಿ ಕುಲುಕಿಸಿ, ಆಮೇಲೆ ಬಿಗಿಯಿರಿ. ಇಲ್ಲದಿದ್ದರೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಡ್ಯಾಂಪರ್ ವಿಷಯದಲ್ಲಿ ಎರಡು ದಾರಿ. ಚೆನ್ನಾಗಿ ರಿಪೇರಿಯಾದ ಲಿವರ್ ಆರ್ಮ್ ಡ್ಯಾಂಪರ್ ಒಂದು. ಮೇಲಿನ ತೋಳನ್ನು ಬೇರೆ ಮಾಡಿ, ಉದ್ದನೆಯ ಟೆಲಿಸ್ಕೋಪಿಕ್ ಶಾಕ್ ಹಾಕುವ ಕಿಟ್ ಇನ್ನೊಂದು. 3.5 ಲೀಟರ್ ಎಂಜಿನ್, ಸಾಮಾನ್ಯ ರಸ್ತೆ ಎಂದಾದರೆ ಮೊದಲನೆಯದು ಧಾರಾಳ ಸಾಕು. ಜಾಸ್ತಿ ದುಡ್ಡು ಹಾಕಲು ಮನಸ್ಸಿದ್ದರೆ, ಕಾಯಿಲ್‌ಓವರ್ (ಶಾಕ್ ಸುತ್ತಲೇ ಸ್ಪ್ರಿಂಗ್) ಇರುವ ಪೂರ್ತಿ ಮುಂದಿನ ಜೋಡಣೆ ಕೊಳ್ಳಿ. ಅದರಲ್ಲಿ ಚಕ್ರದ ವಾಲು, ಅಂದರೆ ಕ್ಯಾಂಬರ್ ಕೂಡ ತಿದ್ದಿರುತ್ತದೆ. ಮೂಲ ಎಂಜಿಬಿಯ ಕ್ಯಾಂಬರ್ 1 ಡಿಗ್ರಿ ಪಾಸಿಟಿವ್ (ಚಕ್ರದ ಮೇಲ್ತುದಿ ಹೊರಕ್ಕೆ ವಾಲಿರುತ್ತದೆ), ಇವತ್ತಿನ ಅಗಲ ಟೈರಿಗೆ ಅದು ಹೊಂದುವುದಿಲ್ಲ.

ಆಂಟಿ ರೋಲ್ ಬಾರ್ ಮರೆಯಬೇಡಿ. ಖರ್ಚು ಉಳಿಸಲು 1975ರ ಸುಮಾರಿಗೆ ರೋಡ್‌ಸ್ಟರ್‌ಗಳಿಗೆ ಮುಂದಿನ ಬಾರನ್ನೇ ಕೊಟ್ಟಿರಲಿಲ್ಲ. ಅಂಥ ಕಾರು ತಿರುವಿನಲ್ಲಿ ವಿಪರೀತ ವಾಲುತ್ತದೆ. ಮೂಲ ಬಾರ್ 9/16 ಇಂಚು ದಪ್ಪ. 3/4 ಇಂಚಿನದು ವಿ8 ಕಾರಿಗೆ ಸರಿ. 7/8 ಇಂಚಿನದು ಹಾಕಿದರೆ ಮುಂದಿನ ಹಿಡಿತ ಕಡಿಮೆಯಾಗಿ ಕಾರು ತಿರುವಿನ ಹೊರಗೆ ಹೋಗಲು ನೋಡುತ್ತದೆ.

ಹಿಂದಿನ ಸಸ್ಪೆನ್ಷನ್, ಆಕ್ಸಲ್, ಬ್ರೇಕ್

ಹಿಂದೆ ನಮ್ಮ ಲಾರಿಗಳಲ್ಲಿ ಕಾಣುವಂಥ ಕಮಾನ್ ಪಟ್ಟಿ, ಅದರ ಮೇಲೆ ಇಡೀ ಆಕ್ಸಲ್. ವಿ8ರ ಟಾರ್ಕ್ ಒಮ್ಮೆಲೇ ಬಿದ್ದಾಗ ಪಟ್ಟಿ ಎಸ್ ಆಕಾರಕ್ಕೆ ತಿರುಚಿ, ಮತ್ತೆ ಬಿಟ್ಟು, ಚಕ್ರ ಟಪಟಪ ಕುಣಿಯುತ್ತದೆ. ಇದನ್ನು ತಡೆಯಲು ಆಂಟಿ ಟ್ರ್ಯಾಂಪ್ ಬಾರ್ ಬೇಕು. ಆಕ್ಸಲಿನಿಂದ ಮುಂದಕ್ಕೆ ಬಾಡಿಗೆ ಹೋಗುವ ಈ ರಾಡ್‌ಗಳು ಆಕ್ಸಲ್ ಸುತ್ತಿಕೊಳ್ಳದಂತೆ ಹಿಡಿಯುತ್ತವೆ. ಹಳೆಯ ಪಟ್ಟಿ ಕುಗ್ಗಿದ್ದರೆ ಎರಡೂ ಪಕ್ಕ ಹೊಸದು ಹಾಕಿ, ಬುಷ್, ಯು ಬೋಲ್ಟ್, ರಬ್ಬರ್ ಪ್ಯಾಡ್ ಎಲ್ಲ ಹೊಸದೇ ಇರಲಿ. ಹಿಂದಿನ ಟೆಲಿಸ್ಕೋಪಿಕ್ ಕಿಟ್ ಅಗ್ಗ, ಹಾಕುವುದೂ ಸುಲಭ. ಆದರೆ ಕೆಲವು ತೀರಾ ಗಡಸು. ಅಡ್ಜಸ್ಟ್ ಮಾಡುವಂಥದನ್ನೇ ಕೊಂಡು, ಮೆತ್ತಗಿನ ಹಂತದಿಂದ ಶುರು ಮಾಡಿ.

ರಬ್ಬರ್ ಬಂಪರ್ ಕಾರು ಮೂಲದಲ್ಲಿ ಎತ್ತರ ಜಾಸ್ತಿ. ಅಮೆರಿಕದ ಬಂಪರ್ ನಿಯಮಕ್ಕೆ ಹೊಂದಿಸಲು ಎತ್ತರಿಸಿದ್ದು. ಮುಂದೆ ಗಿಡ್ಡ ಸ್ಪ್ರಿಂಗ್, ಹಿಂದೆ ಆಕ್ಸಲ್ ಮತ್ತು ಪಟ್ಟಿಯ ನಡುವೆ ಬ್ಲಾಕ್ ಇಟ್ಟು ಸುಮಾರು ಒಂದು ಇಂಚು ಇಳಿಸಿದರೆ ಕಾರು ನೆಲ ಕಚ್ಚಿ ಓಡುತ್ತದೆ. ಇದಕ್ಕಿಂತ ಜಾಸ್ತಿ ಇಳಿಸಬೇಡಿ. ಸ್ಟೀರಿಂಗ್ ರಾಡ್‌ನ ಕೋನ ಕೆಟ್ಟು, ಗುಂಡಿ ಬಂದಾಗ ಸ್ಟೀರಿಂಗ್ ತಾನೇ ಎಳೆಯಲು ಶುರುವಾಗುತ್ತದೆ. ಎಂಜಿನ್ ಕೆಳಗಿನ ಎಣ್ಣೆ ತೊಟ್ಟಿಯಾದ ಸಂಪ್‌ಗೂ ಏಟು ಬೀಳುತ್ತದೆ.

ಆಕ್ಸಲ್ ಅನುಪಾತ, ಅಂದರೆ ಚಕ್ರ ಒಂದು ಸುತ್ತು ತಿರುಗಲು ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತಬೇಕು ಎಂಬುದು, ಬಹಳ ಮುಖ್ಯ. ನಾಲ್ಕು ಸಿಲಿಂಡರ್ ಕಾರಿನದು 3.9. ಟಾಪ್ ಗೇರಿನಲ್ಲಿ ಸಾವಿರ ಆರ್‌ಪಿಎಂಗೆ ಗಂಟೆಗೆ ಸುಮಾರು 29 ಕಿಲೋಮೀಟರ್. ವಿ8 ಜೊತೆ ಇದನ್ನೇ ಬಿಟ್ಟರೆ ಮೊದಲ ಗೇರು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಹೈವೇಯಲ್ಲಿ ಎಂಜಿನ್ ಸುಮ್ನೆ ಕಿರುಚುತ್ತದೆ. ಕಂಪನಿ ಹಾಕಿದ್ದು 3.07. ಅದರಲ್ಲಿ ಅದೇ ಸಾವಿರಕ್ಕೆ ಸುಮಾರು 37 ಕಿಲೋಮೀಟರ್ ಬರುತ್ತದೆ. ಆಕ್ಸಲ್ ಹೊರಗಿರುವಾಗಲೇ ಇದನ್ನು ಮುಗಿಸಿ. ತಂತಿ ಚಕ್ರದ ಆಸೆ ಇದ್ದರೆ ಮತ್ತೊಮ್ಮೆ ಯೋಚಿಸಿ. ವಿ8 ಕಾರಿಗೆ ಕಂಪನಿ ತಂತಿ ಚಕ್ರ ಕೊಡಲೇ ಇಲ್ಲ.

ಬ್ರೇಕಿಗೆ ಕಡೇಪಕ್ಷ ಜಿಟಿ ವಿ8ರ ದಪ್ಪ ಡಿಸ್ಕ್, ದೊಡ್ಡ ಕ್ಯಾಲಿಪರ್, ಜೊತೆಗೆ ಕಾಲಿನ ಒತ್ತಡಕ್ಕೆ ನೆರವಾಗುವ ಸರ್ವೋ ಬೇಕು. ಗಾಳಿ ಹಾಯುವ ಡಿಸ್ಕ್ ಮತ್ತು ನಾಲ್ಕು ಪಿಸ್ಟನ್ ಕ್ಯಾಲಿಪರ್ ಕೊಳ್ಳುವುದಾದರೆ ನಿಮ್ಮ ಚಕ್ರದೊಳಗೆ ಅದು ಹಿಡಿಸುತ್ತದೆಯೇ ಎಂದು ಮೊದಲು ಅಳೆಯಿರಿ. ರಬ್ಬರ್ ಹೋಸ್‌ಗಳನ್ನು ಕಣ್ಣು ಮುಚ್ಚಿ ಬದಲಿಸಿ.

ಇಷ್ಟಾದ ಮೇಲೆ ಹಳೆಯ ಎಂಜಿನ್ನಿನಲ್ಲೇ ಕಾರನ್ನು ಸ್ವಲ್ಪ ದಿನ ಓಡಿಸಿ. ಸಸ್ಪೆನ್ಷನ್ನಿನ ದೋಷವೇನಾದರೂ ಇದ್ದರೆ ಈಗಲೇ ಗೊತ್ತಾಗುತ್ತದೆ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಸದ್ದು ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದೇ ಒಂದು ಕೆಲಸವಾಗುತ್ತದೆ.

ಸರಿಯಾದ ವಿ8 ಆರಿಸುವುದು

ರೋವರ್ ಪಿ6, ಎಸ್‌ಡಿ1, ರೇಂಜ್ ರೋವರ್, ಎಲ್ಲದರಲ್ಲೂ ಈ ಎಂಜಿನ್ ಇತ್ತು. ನನ್ನ ಆಯ್ಕೆ ಎಸ್‌ಡಿ1ನ 3.5 ಲೀಟರ್. ಕಂಪ್ರೆಷನ್ ಚೆನ್ನಾಗಿದೆ, ಸಂಪ್ ಕೂಡ ಎಂಜಿಬಿಗೆ ಹೊಂದುತ್ತದೆ. ಆಮೇಲಿನ 3.9, 4.0, 4.6 ಲೀಟರಿನವಕ್ಕೆ ಬಲ ಜಾಸ್ತಿ ನಿಜ, ಆದರೆ ಸಿಲಿಂಡರ್ ಅಗಲಿಸಿದ್ದರಿಂದ ಲೈನರ್ (ಸಿಲಿಂಡರ್ ಒಳಗಿನ ಕಬ್ಬಿಣದ ಕೊಳವೆ) ಹಿಂದಿನ ಗೋಡೆ ತೆಳು. ಎಂಜಿನ್ ಕಾದರೆ ಅಲ್ಲಿ ಬಿರುಕು ಬಿಡುವುದು, ಲೈನರ್ ಜಾರುವುದು ಇವುಗಳ ಗೊತ್ತಿರುವ ರೋಗ.

ಹಳೆಯ ಎಂಜಿನ್ ಕೊಳ್ಳುವಾಗ ಎಣ್ಣೆ ತುಂಬುವ ಮುಚ್ಚಳ ತೆಗೆದು ಒಳಗೆ ನೋಡಿ. ಕಪ್ಪು ಕೆಸರು ಕಟ್ಟಿದ್ದರೆ ಎಣ್ಣೆ ಬದಲಿಸದೆ ಓಡಿಸಿದ್ದಾರೆ ಎಂದು ತಿಳಿಯಿರಿ. ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿ ಕ್ಯಾಮ್‌ಶಾಫ್ಟ್ ನೋಡಲು ಬಿಟ್ಟರೆ ಇನ್ನೂ ಒಳ್ಳೆಯದು. ಕ್ಯಾಮ್‌ನ ಉಬ್ಬು ಸವೆದು ದುಂಡಗಾಗಿದ್ದರೆ, ಟ್ಯಾಪೆಟ್ ತಳ ತಗ್ಗಾಗಿದ್ದರೆ ಕ್ಯಾಮ್, ಟ್ಯಾಪೆಟ್, ಟೈಮಿಂಗ್ ಚೈನ್ ಮೂರಕ್ಕೂ ದುಡ್ಡು ಎತ್ತಿಡಿ. ಆಟೊಮ್ಯಾಟಿಕ್ ಕಾರಿನ ಎಂಜಿನ್ ಆದರೆ ಫ್ಲೈವೀಲ್ ಜೊತೆಗೆ ಕ್ರ್ಯಾಂಕ್ ತುದಿಯ ಸ್ಪಿಗಟ್ ಬುಷ್ ಕೂಡ ಬೇಕು. ಅದಿಲ್ಲದೆ ಗೇರ್‌ಬಾಕ್ಸ್ ಶಾಫ್ಟಿಗೆ ಆಸರೆ ಇರುವುದಿಲ್ಲ.

ಎಂಜಿಬಿಯ ನಾಲ್ಕು ಗೇರಿನ ಮೂಲ ಗೇರ್‌ಬಾಕ್ಸ್ ಈ ಟಾರ್ಕ್ ಮುಂದೆ ಹೆಚ್ಚು ದಿನ ಬಾಳುವುದಿಲ್ಲ. ಎಸ್‌ಡಿ1ನ ಎಲ್‌ಟಿ77 ಐದು ಗೇರಿನದು ಎಂಜಿನ್ ಜೊತೆಗೇ ಸಿಕ್ಕರೆ ಅದನ್ನೇ ತನ್ನಿ.

ಇಳಿಸುವುದು, ಅಳತೆ ನೋಡುವುದು

ಬ್ಯಾಟರಿ ಮೊದಲು ಕಳಚಿ. ಹಳೆಯ ಎಂಜಿಬಿಯಲ್ಲಿ ಸೀಟಿನ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿ ಇರುತ್ತವೆ. ನೀರು, ಎಣ್ಣೆ ಇಳಿಸಿ. ಬಾನೆಟ್, ರೇಡಿಯೇಟರ್, ಪ್ರೊಪೆಲ್ಲರ್ ಶಾಫ್ಟ್, ಸೈಲೆನ್ಸರ್ ಪೈಪ್ ತೆಗೆಯಿರಿ. ಪ್ರತಿ ವೈರಿಗೂ ಚೀಟಿ ಕಟ್ಟಿ, ಫೋನಿನಲ್ಲಿ ಫೋಟೊ ತೆಗೆಯಿರಿ. ಎಂಜಿನ್ ಮತ್ತು ಗೇರ್‌ಬಾಕ್ಸ್ ಒಟ್ಟಿಗೇ, ಹಿಂಭಾಗ ಕೆಳಗೆ ವಾಲಿಸಿ ಹಾಯಿಸ್ಟ್‌ನಿಂದ ಎತ್ತುವುದು ಸುಲಭ. ಇಬ್ಬರು ಬೇಕೇ ಬೇಕು. ತೂಗಾಡುವ ಎಂಜಿನ್ ಕೆಳಗೆ ಕೈಕಾಲು ಇಡಬೇಡಿ.

ಹೊಸ ಎಂಜಿನ್ ಅನ್ನು ಒಂದೇ ಸಲಕ್ಕೆ ಕೂರಿಸಿ ಮುಗಿಸುವ ಯೋಚನೆ ಬಿಡಿ. ಮೊದಲು ಬರಿ ಅಳತೆಗಾಗಿ ಇಳಿಸಿ. ಆಗ ನೋಡಬೇಕಾದ ಜಾಗಗಳು: ಸಂಪ್ ಮತ್ತು ಅದರ ಕೆಳಗಿನ ಅಡ್ಡ ತೊಲೆಯಾದ ಕ್ರಾಸ್‌ಮೆಂಬರ್ ನಡುವಿನ ಸಂದು, ಸ್ಟೀರಿಂಗ್ ಶಾಫ್ಟ್ ಮತ್ತು ಎಕ್ಸಾಸ್ಟ್ ನಡುವಿನ ಸಂದು, ಗೇರ್ ಟನಲ್, ಬಾನೆಟ್. ಎಲ್‌ಟಿ77ಗೆ ಟನಲ್ ಸ್ವಲ್ಪ ಕತ್ತರಿಸಿ ಎತ್ತರಿಸಬೇಕು, ಹಿಂದಿನ ಮೌಂಟ್ ಹೊಸದಾಗಿ ಮಾಡಬೇಕು. ಗೇರ್‌ಬಾಕ್ಸ್ ಹೊರಬರುವ ಶಾಫ್ಟ್ ಮತ್ತು ಡಿಫರೆನ್ಷಿಯಲ್ ಪಿನಿಯನ್ ಒಂದಕ್ಕೊಂದು ಸಮಾನಾಂತರ ಇರಬೇಕು. ಇದು ತಪ್ಪಿದರೆ ವೇಗ ಏರಿದಾಗ ಇಡೀ ಕಾರು ನಡುಗುತ್ತದೆ. ಮೌಂಟ್‌ಗಳು ಅಂತಿಮವಾದ ಮೇಲಷ್ಟೇ ಪ್ರೊಪೆಲ್ಲರ್ ಶಾಫ್ಟ್ ಉದ್ದ ಅಳೆದು, ಕತ್ತರಿಸಿ, ಬ್ಯಾಲೆನ್ಸ್ ಮಾಡಿಸಿ.

ಬಾನೆಟ್ ಕೆಳಗೆ ಎತ್ತರ ಕಡಿಮೆ. ಕಂಪನಿ ಎರಡು ಎಸ್‌ಯು ಕಾರ್ಬುರೇಟರ್‌ಗಳನ್ನು ವಿಶೇಷ ಮ್ಯಾನಿಫೋಲ್ಡ್‌ನಲ್ಲಿ ಎಂಜಿನ್ ಹಿಂದಕ್ಕೆ ತಳ್ಳಿತು. ಕೆಳಮಟ್ಟದ ಮ್ಯಾನಿಫೋಲ್ಡ್ ಮೇಲೆ ನಾಲ್ಕು ಬಾಯಿಯ ಒಂದು ಕಾರ್ಬುರೇಟರ್ ಇಡುವುದು ಇವತ್ತಿನ ಸುಲಭ ದಾರಿ. ಎಕ್ಸಾಸ್ಟ್‌ಗೂ ಎರಡು ಬಗೆ ಇವೆ. ಬ್ಲಾಕಿಗೆ ಅಂಟಿಕೊಂಡು ಇಳಿಯುವ ಪೈಪ್‌ಗಳು ಎಂಜಿನ್ ಜಾಗವನ್ನೆಲ್ಲ ಕಾಯಿಸುತ್ತವೆ. 1992ರಲ್ಲಿ ಬಂದ ಎಂಜಿ ಆರ್‌ವಿ8 ಕಾರಿನ ಹಾಗೆ ಪಕ್ಕದ ಒಳತಗಡಿಗೆ ರಂಧ್ರ ಕೊರೆದು, ಪೈಪನ್ನು ಚಕ್ರದ ಕಡೆ ಹೊರಡಿಸಿದರೆ ಬಿಸಿ ಬಹಳ ಕಡಿಮೆಯಾಗುತ್ತದೆ. ತಗಡು ಕತ್ತರಿಸಲು ಮನಸ್ಸು ಬರುವುದು ಕಷ್ಟ, ಆದರೂ ನಾನು ಎರಡನೆಯದನ್ನೇ ಹೇಳುತ್ತೇನೆ. ಎರಡು ಎಲೆಕ್ಟ್ರಿಕ್ ಫ್ಯಾನ್, ವಿ8 ಅಳತೆಯ ರೇಡಿಯೇಟರ್ ಹಾಕಿ. ಬರೀ ನೀರು ತುಂಬಬೇಡಿ, ಅಲ್ಯೂಮಿನಿಯಂ ಒಳಗಿಂದಲೇ ಕೊರೆದು ಹೋಗುತ್ತದೆ. ವರ್ಷಪೂರ್ತಿ ಕೂಲಂಟ್ ಇರಬೇಕು.

ಅಲ್ಯೂಮಿನಿಯಂಗೆ ಹೋಗುವ ಬೋಲ್ಟುಗಳನ್ನು ಟಾರ್ಕ್ ರೆಂಚ್ ಇಲ್ಲದೆ ಮುಟ್ಟಬೇಡಿ. ಥ್ರೆಡ್ ಹೋಗಿದ್ದರೆ ಹೆಲಿಕಾಯಿಲ್ ಎಂಬ ಹೊಸ ಥ್ರೆಡ್‌ನ ಸುರುಳಿ ಹಾಕಿಸಿ.

ಟ್ಯಾಕೋಮೀಟರ್ ನಾಲ್ಕು ಸಿಲಿಂಡರ್ ಲೆಕ್ಕದ್ದು, ಎಂಟಕ್ಕೆ ಹೊಂದಿಸಬೇಕು. 1967ಕ್ಕೆ ಮುಂಚಿನ ಕಾರಾದರೆ ಅದು ಪಾಸಿಟಿವ್ ಅರ್ಥ್, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿರುತ್ತದೆ. ಆಲ್ಟರ್ನೇಟರ್ ಹಾಕುವ ಮೊದಲು ಅದನ್ನು ನೆಗೆಟಿವ್‌ಗೆ ಬದಲಿಸಿ. ಪೆಟ್ರೋಲ್ ಹೋಸ್‌ಗಳು ಹಳೆಯವಾದರೆ ಎಥನಾಲ್ ಬೆರೆತ ಪೆಟ್ರೋಲಿಗೆ ಬೇಗ ಕರಗಿ ಬಿರುಕು ಬಿಡುತ್ತವೆ, ಎಥನಾಲ್ ತಾಳುವ ಹೋಸ್ ತನ್ನಿ.

ಮೊದಲ ಸ್ಟಾರ್ಟ್

ಈ ಎಂಜಿನ್ನಿನ ಆಯಿಲ್ ಪಂಪ್ ಒಣಗಿದ್ದರೆ ತಾನೇ ಎಣ್ಣೆ ಎಳೆದುಕೊಳ್ಳುವುದಿಲ್ಲ. ಪಂಪ್ ಬಿಚ್ಚಿದ್ದರೆ ಅದರ ಹಲ್ಲುಚಕ್ರಗಳ ಸುತ್ತ ಪೆಟ್ರೋಲಿಯಂ ಜೆಲ್ಲಿ ತುಂಬಿಯೇ ಮುಚ್ಚಿ. ಗ್ರೀಸ್ ಬೇಡ, ಅದು ಕರಗುವುದಿಲ್ಲ. ಆಮೇಲೆ ಡಿಸ್ಟ್ರಿಬ್ಯೂಟರ್ ತೆಗೆದು, ಅದು ತಿರುಗುವ ದಿಕ್ಕಿನಲ್ಲೇ ಡ್ರಿಲ್‌ನಿಂದ ಪಂಪ್ ತಿರುಗಿಸಿ. ಒತ್ತಡ ಬಂದಾಗ ಡ್ರಿಲ್ ಒಮ್ಮೆಲೇ ಭಾರವಾಗುತ್ತದೆ, ಮೀಟರ್ ಮೇಲೇರುತ್ತದೆ. ಅದಾಗದೆ ಎಂಜಿನ್ ಸ್ಟಾರ್ಟ್ ಮಾಡಬಾರದು.

ಫೈರಿಂಗ್ ಕ್ರಮ, ಅಂದರೆ ಸಿಲಿಂಡರ್‌ಗಳಿಗೆ ಕಿಡಿ ಹೋಗುವ ಕ್ರಮ, 1-8-4-3-6-5-7-2. ಪ್ಲಗ್ ವೈರ್ ಹಾಕಿದ ಮೇಲೆ ಇನ್ನೊಬ್ಬರ ಕೈಯಲ್ಲಿ ಎಣಿಸಿ ನೋಡಿಸಿ. ಹೊಸ ಕ್ಯಾಮ್ ಹಾಕಿದ್ದರೆ ಎಂಜಿನ್ ಹತ್ತಿದ ತಕ್ಷಣ 2000ರಿಂದ 2500 ಆರ್‌ಪಿಎಂಗೆ ಏರಿಸಿ 20 ನಿಮಿಷ ಹಾಗೇ ಹಿಡಿಯಿರಿ. ಐಡ್ಲಿಂಗ್‌ನಲ್ಲಿ ಬಿಟ್ಟರೆ ಕ್ಯಾಮ್‌ಗೆ ಎಣ್ಣೆ ಸಾಲದೆ ಮೊದಲ ದಿನವೇ ಸವೆಯುತ್ತದೆ. ಸತು ಚೆನ್ನಾಗಿರುವ 20ಡಬ್ಲ್ಯೂ-50 ಎಣ್ಣೆ ಬಳಸಿ. ಹತ್ತಿದ ಮೇಲೆ ನಡುವೆ ನಿಲ್ಲಿಸುವಂತಿಲ್ಲ, ಹಾಗಾಗಿ ಸ್ಟಾರ್ಟ್ ಮಾಡುವ ಮೊದಲೇ ಕಾರ್ಬುರೇಟರಿಗೆ ಪೆಟ್ರೋಲ್ ಬಂದಿದೆಯೇ, ಟೈಮಿಂಗ್ ಸರಿಯಿದೆಯೇ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿದೆಯೇ ಎಲ್ಲ ನೋಡಿಕೊಳ್ಳಿ.

ಬಿಸಿಯಾದ ಮೇಲೆ ಆಯಿಲ್ ಪ್ರೆಷರ್ ನೋಡಿ ಗಾಬರಿಯಾಗಬೇಡಿ. ಹಳೆಯ ಎಂಜಿನ್ನಿನಲ್ಲಿ ಓಡುವಾಗ 50ರಿಂದ 80 ಪಿಎಸ್‌ಐ ನೋಡಿ ಅಭ್ಯಾಸ. ರೋವರ್ ವಿ8ಗೆ 2400 ಆರ್‌ಪಿಎಂನಲ್ಲಿ 30ರಿಂದ 40 ಇದ್ದರೆ ಸರಿಯಾಗಿದೆ.

ಕಾಗದಪತ್ರ

ಬ್ರಿಟನ್‌ನಲ್ಲಿ ಇರುವವರು ಹೊಸ ಎಂಜಿನ್ ನಂಬರ್, ಸಿಸಿ ಎರಡನ್ನೂ ಅಲ್ಲಿನ ವಾಹನ ನೋಂದಣಿ ಸಂಸ್ಥೆ ಡಿವಿಎಲ್‌ಎಗೆ ತಿಳಿಸಿ ನೋಂದಣಿ ಪತ್ರ ತಿದ್ದಿಸಬೇಕು. ಎಂಜಿನ್ ಕೊಂಡ ರಸೀದಿ ಇಟ್ಟುಕೊಳ್ಳಿ. ಇನ್ಶೂರೆನ್ಸ್ ಕಂಪನಿಗೆ ಎಂಜಿನ್, ಬ್ರೇಕ್, ಸಸ್ಪೆನ್ಷನ್ ಎಲ್ಲದರ ಪಟ್ಟಿ ಕೊಡಿ. 40 ವರ್ಷ ದಾಟಿದ ಕಾರಿಗೆ ಅಲ್ಲಿ ಎಂಒಟಿ ಎಂಬ ವಾರ್ಷಿಕ ಸುರಕ್ಷತಾ ತಪಾಸಣೆಯಿಂದ ವಿನಾಯಿತಿ ಇದೆ, ಆದರೆ ದೊಡ್ಡ ಮಾರ್ಪಾಡು ಆದ ಕಾರಿಗೆ ಅದು ಕೈತಪ್ಪಬಹುದು. ವಿನಾಯಿತಿ ಸಿಕ್ಕರೂ ತಪಾಸಣೆ ಮಾಡಿಸಿ ಎಂದೇ ನಾನು ಹೇಳುವುದು. ಇಷ್ಟು ಕೆಲಸ ಮಾಡಿದ ಕಾರನ್ನು ಇನ್ನೊಂದು ಜೋಡಿ ಕಣ್ಣು ನೋಡಲಿ.

ಭಾರತದಲ್ಲಿ ಹಳೆಯ ಎಂಜಿಬಿ ಇಟ್ಟುಕೊಂಡವರು ಇನ್ನೂ ಹುಷಾರಾಗಿರಬೇಕು. ಎಂಜಿನ್ ಬದಲಿಸಲು ಆರ್‌ಟಿಒ ಅನುಮತಿ ಮೊದಲೇ ಬೇಕು. 2021ರ ಕೇಂದ್ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿ ಸಿಗುವುದು 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಮಾರ್ಪಾಡಾಗದೆ ಮೂಲ ರೂಪದಲ್ಲೇ ಇರುವ ವಾಹನಕ್ಕೆ. ಆ ನೋಂದಣಿ ಬೇಕಿದ್ದರೆ ಮೂಲ ಎಂಜಿನ್ನನ್ನೇ ರಿಪೇರಿ ಮಾಡಿಸಿ, ಮೇಲಿನ ಬುಷ್, ಕಿಂಗ್‌ಪಿನ್, ಕಮಾನ್ ಪಟ್ಟಿ ಕೆಲಸಕ್ಕೆ ನಿಲ್ಲಿಸಿ. ಓಡಿಸುವ ಖುಷಿಯ ದೊಡ್ಡ ಪಾಲು ಅದರಿಂದಲೇ ಬರುತ್ತದೆ.

ರಸ್ತೆಗೆ ಇಳಿದ ಮೇಲೆ

ವೀಲ್ ಅಲೈನ್‌ಮೆಂಟ್ ಈಗ ಮಾಡಿಸಿ, ಹೊಸ ಎಂಜಿನ್ ಭಾರ ಕೂತ ಮೇಲೆ. ಟೋ-ಇನ್ (ಮುಂದಿನ ಚಕ್ರಗಳ ಮುಂತುದಿ ಒಳಕ್ಕೆ ತಿರುಗಿರುವ ಅಳತೆ) ಸುಮಾರು 2 ಮಿಲಿಮೀಟರ್ ಸಾಕು. ಮೊದಲ ಕೆಲವು ನೂರು ಕಿಲೋಮೀಟರ್ ಆದ ಮೇಲೆ ಕಾರು ಎತ್ತಿ ಹಿಂದಿನ ಯು ಬೋಲ್ಟ್, ಆಂಟಿ ಟ್ರ್ಯಾಂಪ್ ಬಾರ್, ಎಂಜಿನ್ ಮೌಂಟ್, ಎಕ್ಸಾಸ್ಟ್ ಮ್ಯಾನಿಫೋಲ್ಡ್ ನಟ್ಟುಗಳನ್ನು ಮತ್ತೆ ಬಿಗಿಯಿರಿ. ಎಣ್ಣೆ, ಫಿಲ್ಟರ್ ಬದಲಿಸಿ, ಹಳೆಯ ಎಣ್ಣೆಯಲ್ಲಿ ಲೋಹದ ಪುಡಿ ಇದೆಯೇ ನೋಡಿ. ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಬ್ರೇಕ್ ಹೋಸ್ ಎಲ್ಲೂ ಎಳೆಯುತ್ತಿಲ್ಲ, ಟೈರ್ ತಗಲುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಕಿಂಗ್‌ಪಿನ್‌ಗೆ ಪ್ರತಿ 5000 ಕಿಲೋಮೀಟರಿಗೆ ಗ್ರೀಸ್ ಹೊಡೆಯಿರಿ, ಒಂದು ಪಕ್ಕಕ್ಕೆ ಮೂರು ನಿಪ್ಪಲ್ ಇವೆ. ಹೊಡೆಯುವಾಗ ಚಕ್ರ ಮೇಲೆತ್ತಿರಲಿ. ಭಾರ ಇಲ್ಲದಿದ್ದಾಗಲೇ ಗ್ರೀಸ್ ಎಲ್ಲ ಕಡೆ ಹೋಗುತ್ತದೆ.